ಸಾಸಿವೆ ಅಕ್ಷರದ ಮಾದರಿ ಪುಸ್ತಕ

ಜೂನ್ 4

ಪುಟ್ಟಿ,

ಉಳಿದಿದ್ದ ಅಕ್ಷರಗಳನ್ನೆಲ್ಲ ಬರೆದು ಮುಗಿಸಿದೆ. ಹಾಳೆಗಳನ್ನು ಸುರುಳಿ ಸುತ್ತಿ ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಮೊದಲಿನವನ್ನು ಮಾಡಿದ ಹಾಗೆ ಇವನ್ನೂ ಕಂಪ್ಯೂಟರಿಗೆ ಏರಿಸು. ಅಲ್ಲಿಗೆ ನಮ್ಮ ಸಾಸಿವೆ ಪೂರ್ತಿಯಾಯಿತು. ನಿನಗೆ ಹಾಲುಹಲ್ಲು ಬೀಳುತ್ತಿದ್ದಾಗ ಶುರುಮಾಡಿದ ಅಚ್ಚಿನ ಅಕ್ಷರ ಇದು. ಈಗ ನಿನ್ನ ತಲೆಯಲ್ಲೇ ಬಿಳಿ ಕೂದಲು ಹುಡುಕಬಹುದು.

ನಿಘಂಟಿನ ಸಂಪಾದಕರಿಂದ ಉತ್ತರ ಬಂತು. ಜೇಬಿನಲ್ಲಿ ಹಿಡಿಸುವಂಥ ನಿಘಂಟು ತರುತ್ತಾರಂತೆ. ಎಷ್ಟು ಸಣ್ಣಗಿದ್ದರೂ ಕಣ್ಣಿಗೆ ಶ್ರಮ ಕೊಡದ ಅಕ್ಷರ ಬೇಕಂತೆ. ನಾನು ಇಷ್ಟು ವರ್ಷ ಒದ್ದಾಡಿದ್ದು ಇನ್ಯಾತಕ್ಕೆ? ಆದರೆ ಬರೆದ ಹಾಳೆ ನೋಡಿ ತೀರ್ಮಾನ ಮಾಡುವುದಿಲ್ಲ, ಅಚ್ಚಾದದ್ದನ್ನು ತೋರಿಸಿ ಅಂದಿದ್ದಾರೆ. ನ್ಯಾಯವಾದ ಮಾತು. ಅದಕ್ಕೆ ಒಂದು ಮಾದರಿ ಪುಸ್ತಕ ಬೇಕು. ನೀವೆಲ್ಲ ಬ್ರೋಷರ್ ಅನ್ನುತ್ತೀರಲ್ಲ, ಅದು. ಅದನ್ನು ನೀನೇ ಮಾಡಬೇಕು. ಶಾಂಪೂ ಡಬ್ಬಿ, ಬಿಸ್ಕತ್ತಿನ ಪೊಟ್ಟಣದ ಮೇಲೆ ನೀನು ಮಾಡುವ ಥಳಕು ಮಾತ್ರ ಇಲ್ಲಿ ಬೇಡ.

ಅವರು ಒಪ್ಪಿದರೆ ದಪ್ಪ ಸಾಸಿವೆಯನ್ನೂ, ನೀವು ಬೋಲ್ಡ್ ಅನ್ನುತ್ತೀರಲ್ಲ ಅದನ್ನು, ಬರೆಯುವುದೆಂದು ಮಾತಾಗಿದೆ. ಒಪ್ಪದಿದ್ದರೆ ನಾನು ಪೆನ್ನು ಕೆಳಗಿಡುತ್ತೇನೆ. ಯಾರೂ ಓದದ ಅಕ್ಷರ ಬರೆದು ಗೋಡೆಗೆ ಒರಗಿಸಿಡುವುದು ಸಾಕಾಗಿದೆ.

ಕಾಗದ ಕಾಗೆಕಾಲು ಗುಬ್ಬಿಕಾಲಿನ ಹಾಗಿದೆ ಅಂತ ನಗಬೇಡ. ಡಾಕ್ಟರು ಮೊನ್ನೆ ನನ್ನ ಕೈ ತಿರುಗಿಸಿ ನೋಡಿ ತಲೆ ಆಡಿಸಿದರು. ತಲೆ ಆಡಿಸುವುದು ಅವರ ಕಸುಬು.

ನಿನ್ನ ಅತ್ತೆ


ಜೂನ್ 12

ಪ್ರೀತಿಯ ಅತ್ತೆ,

ಫೋನ್ ಮಾಡಿದರೆ ನೀವು "ಹಾಂ? ಹಾಂ?" ಅಂದು ಕೊನೆಗೆ "ಸರಿ ಬಿಡು" ಅಂದುಬಿಡುತ್ತೀರಿ. ಅದಕ್ಕೇ ಕಾಗದ. ಆದರೆ ನಿಮ್ಮ ಕಾಗದ ಓದಲು ನನಗೆ ಎರಡು ಕನ್ನಡಕ ಬೇಕಾಯಿತು. ತಮಾಷೆಗೆ ಹೇಳುತ್ತಿಲ್ಲ. ಅಕ್ಷರಗಳು ಅಷ್ಟು ನಡುಗಿವೆ. ಒಂದು ಕಾಲದಲ್ಲಿ ನೀವು ದಿನಸಿ ಚೀಟಿ ಬರೆದರೂ ಅಪ್ಪ ಅದನ್ನು ಎಸೆಯುತ್ತಿರಲಿಲ್ಲ. ಕೈ ಹೇಗಿದೆ? ಡಾಕ್ಟರು ತಲೆ ಆಡಿಸಿದ್ದು ಸರಿ, ಬಾಯಲ್ಲಿ ಏನು ಹೇಳಿದರು?

ಬ್ರೋಷರ್ ನಾನೇ ಮಾಡುತ್ತೇನೆ. ಬೇರೆಯವರ ಕೈಗೆ ಕೊಟ್ಟಿದ್ದರೆ ಜಗಳ ಆಗುತ್ತಿತ್ತು. ಕವರಿನ ಮೇಲೆ ಒಂದೇ ಅಕ್ಷರ, ಳ, ಅಂಗೈಗಿಂತ ದೊಡ್ಡದಾಗಿ. ಒಳಗೆ ಪೂರ್ತಿ ವರ್ಣಮಾಲೆ. ಆಮೇಲೆ ಒಂದೇ ವಾಕ್ಯವನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಸುತ್ತಾ ಹೋಗುವ ಪುಟ. ಕೊನೆಯಲ್ಲಿ ನಿಘಂಟಿನದೇ ಅಳತೆಯ ಸಣ್ಣ ಅಕ್ಷರದಲ್ಲಿ ಎರಡು ಪುಟ, ನಿಜವಾದ ಪದಗಳು, ನಿಜವಾದ ಅರ್ಥಗಳು. ಸಂಪಾದಕರು ನೋಡುವುದು ಆ ಎರಡು ಪುಟವನ್ನೇ ಅಲ್ಲವೇ?

ಆಫೀಸಿನ ಪ್ರಿಂಟರಿನಲ್ಲಿ ತೆಗೆದ ಕರಡು ಇದರ ಜೊತೆಗಿದೆ. ಕೆಂಪು ಪೆನ್ನಿನಲ್ಲಿ ಬೈದು ಕಳಿಸಿ.

ಪುಟ್ಟಿ


ಜೂನ್ 20

ಪುಟ್ಟಿ,

ಬೈಯುವಂಥದ್ದು ಜಾಸ್ತಿ ಸಿಗಲಿಲ್ಲ, ಬೇಜಾರಾಯಿತು. ವರ್ಣಮಾಲೆ ಪುಟದಲ್ಲಿ ಸಾಲುಗಳ ನಡುವೆ ಗಾಳಿ ಕಮ್ಮಿ. ಒತ್ತಕ್ಷರಗಳಿಗೆ ಕೆಳಗೆ ಕಾಲು ಚಾಚಲು ಜಾಗ ಬಿಡು. ವಾಕ್ಯ ಇಳಿಯುವ ಪುಟ ಚೆನ್ನಾಗಿದೆ. ಕವರಿನ ಳ ನೋಡಿ ಸಮಾಧಾನವಾಯಿತು. ಮೂಲೆ ಸಂದುಗಳೆಲ್ಲ ನಾನು ಬರೆದ ಹಾಗೇ ಬಂದಿವೆ.

ಒಂದು ಮಾತು ಮಾತ್ರ ಕಿವಿಯಲ್ಲಿ ಇಟ್ಟುಕೋ. ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಬೇಡ. ನಿಘಂಟು ಯಾವ ತೆಳು ಕಾಗದದಲ್ಲಿ ಬರುತ್ತದೋ ಆ ಎರಡು ಪುಟವೂ ಅದರಲ್ಲೇ ಬರಲಿ. ಮದುಮಗಳ ಹಾಗೆ ಸಿಂಗಾರ ಮಾಡಿ ತೋರಿಸಿ, ಆಮೇಲೆ ಅಡುಗೆಮನೆಯಲ್ಲಿ ಬೇರೆ ಮುಖ ತೋರಿಸಿದರೆ ಮೋಸ. ನಿನ್ನಪ್ಪ, ನಮ್ಮಣ್ಣ ಇದ್ದಿದ್ದರೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರೆಸ್ಸು ನಡೆಸಿದವನು. ಕಾಗದ ಮುಟ್ಟಿದರೆ ಸಾಕು, ಎಷ್ಟು ಶಾಯಿ ಕುಡಿಯುತ್ತದೆ ಅಂತ ಹೇಳುತ್ತಿದ್ದ.

ಕೈ ವಿಷಯ ಬಿಡು. ಕೈ ಇರುವ ಕಡೆಯೇ ಇದೆ.

ಅತ್ತೆ


ಜುಲೈ 2

ಪ್ರೀತಿಯ ಅತ್ತೆ,

ಇವತ್ತು ಪ್ರೆಸ್ಸಿಗೆ ಕಳಿಸಿದೆ! ನೀವು ಹೇಳಿದ ತೆಳು ಕಾಗದವೇ. ಒತ್ತಕ್ಷರಗಳು ಈಗ ಆರಾಮಾಗಿ ಕಾಲು ಚಾಚಿಕೊಂಡಿವೆ. ಕವರ್ ನೋಡಿ ನಮ್ಮ ಆಫೀಸಿನಲ್ಲಿ ಎಲ್ಲರೂ ಬಾಯಿ ಬಿಟ್ಟರು. ನಮ್ಮ ಬಾಸ್ ಯಾವತ್ತೂ ಯಾರನ್ನೂ ಹೊಗಳದ ಮನುಷ್ಯ. ಅವರೂ ನಿಂತು ನೋಡಿ, "ಎಷ್ಟು ನುಣುಪಾಗಿದೆ ಈ ಳ, ಯಾರದು?" ಅಂದರು. ನಮ್ಮತ್ತೆಯದು ಅಂದೆ.

ಕೊನೇ ಗಳಿಗೆಯಲ್ಲಿ ಚಿಕ್ಕಪುಟ್ಟ ಕೆಲಸ ಉಳಿದಿತ್ತು, ಮುಗಿಸಿಕೊಟ್ಟೆ. ಅದರ ಬಗ್ಗೆ ನಿಮಗೆ ತಲೆಬಿಸಿ ಬೇಡ. ಸಂಪಾದಕರಿಗೆ ತಡವಾಗಬಾರದು ಅಂತ ಪ್ರತಿಗಳನ್ನು ಪ್ರೆಸ್ಸಿನಿಂದ ನೇರವಾಗಿ ಅವರಿಗೇ ಕಳಿಸಲು ಹೇಳಿದ್ದೇನೆ. ನಿಮ್ಮ ಪ್ರತಿ ಸ್ವಲ್ಪ ಹಿಂದೆ ಬರುತ್ತದೆ.

ಈಗಲಾದರೂ ವಿಶ್ರಾಂತಿ ತೊಗೊಳ್ಳಿ. ಡಾಕ್ಟರ ಮಾತು ಕೇಳಿ ಅತ್ತೆ, ದಯವಿಟ್ಟು.

ಪುಟ್ಟಿ


ಜುಲೈ 11

ಪುಟ್ಟಿ,

ಎಲ್ಲಿ ನನ್ನ ಪ್ರತಿ? ಅಂಚೆಯವನು ನನ್ನನ್ನು ನೋಡಿದರೆ ಸಾಕು, ಸೈಕಲ್ಲಿಂದ ಇಳಿಯುವ ಮೊದಲೇ ಕೈ ಆಡಿಸಿಬಿಡುತ್ತಾನೆ. ಕೆಳಗಿನ ಅಂಗಡಿಯ ದರ್ಜಿಗೂ ಹೇಳಿಟ್ಟಿದ್ದೇನೆ. ಅವನು, "ಏನಮ್ಮಾ, ಮಗಳ ಮದುವೆ ಕಾಗದ ಕಾಯೋ ಹಾಗೆ ಕಾಯ್ತಿದ್ದೀರಲ್ಲಾ" ಅನ್ನುತ್ತಾನೆ.

ಸುಮ್ಮನೆ ಕೂತಿಲ್ಲ. ದಪ್ಪ ಸಾಸಿವೆಗೆ ಹಾಳೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮೊದಲು ಬರೆಯುವುದು ಷ. ಅದೊಂದು ಬಗ್ಗಿತೆಂದರೆ ಉಳಿದವು ತಾವಾಗಿ ಬಗ್ಗುತ್ತವೆ.

ಆ ನುಣುಪು ಅಂದ ಬಾಸಿಗೆ ನನ್ನ ನಮಸ್ಕಾರ ಹೇಳು. ನನ್ನ ಅಕ್ಷರವನ್ನು ನುಣುಪು ಅಂದವರು ಇವರೇ ಮೊದಲು.

ಅತ್ತೆ


ಜುಲೈ 24

ಪ್ರೀತಿಯ ಅತ್ತೆ,

ತಡವಾಗಿ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಹೊಸ ಸೋಪಿನ ಕೆಲಸ ಬಂದು ತಲೆ ಎತ್ತಲು ಬಿಡುತ್ತಿಲ್ಲ. ಮೇಲಿಂದ ಮನೆಯಲ್ಲಿ ನಲ್ಲಿ ಕೆಟ್ಟು ಅಡುಗೆಮನೆ ತುಂಬ ನೀರು. ಪಕ್ಕದ ಮನೆಯವರು ಗೋಡೆ ಒಡೆಸುತ್ತಿದ್ದಾರೆ, ಇಡೀ ದಿನ ಧೂಳು. ಇನ್ನೂ ಏನೇನೋ.

ನಿಮ್ಮ ಪ್ರತಿಯನ್ನು ಬೇಕೆಂದೇ ತಡೆದಿದ್ದೇನೆ. ಕೊನೆಯ ಎರಡು ಪುಟ ಯಾಕೋ ಸ್ವಲ್ಪ ಗಾಢವಾಗಿ ಬಂದಿವೆ. ತೆಳು ಕಾಗದ ಶಾಯಿ ಜಾಸ್ತಿ ಎಳೆದುಕೊಂಡಿರಬೇಕು. ಪ್ರೆಸ್ಸಿನವರ ಹತ್ತಿರ ಮಾತಾಡುತ್ತಿದ್ದೇನೆ. ಸರಿ ಮಾಡಿಸಿ ಒಳ್ಳೆಯದನ್ನೇ ನಿಮಗೆ ಕಳಿಸೋಣ ಅಂತ. ಸಂಪಾದಕರು ಅನುಭವಸ್ಥರು, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಲಾರರು.

ಊಟ ಸರಿಯಾಗಿ ಮಾಡಿ. ಮೆಟ್ಟಿಲು ಇಳಿಯುವಾಗ ಹುಷಾರು.

ಪುಟ್ಟಿ


ಆಗಸ್ಟ್ 3

ಪುಟ್ಟಿ,

ಸಂಪಾದಕರ ಕಾಗದ ಬಂತು. ಮರ್ಯಾದಸ್ತರು, ಬೇಡ ಅನ್ನುವುದನ್ನೂ ನೋಯದ ಹಾಗೆ ಬರೆದಿದ್ದಾರೆ. ದೊಡ್ಡ ಅಕ್ಷರಗಳು ತುಂಬ ಅಂದವಾಗಿವೆ, ಆದರೆ ಸಣ್ಣ ಅಕ್ಷರದ ಪುಟದಲ್ಲಿ ಶಾಯಿ ತುಂಬಿಕೊಂಡು ಷ ಯಾವುದು, ಪ ಯಾವುದು ಎಂದು ತಡಕಾಡಬೇಕಾಯಿತು, ಭೂತಗನ್ನಡಿ ಹಿಡಿದರೂ ಕಷ್ಟ ಎಂದಿದ್ದಾರೆ. ನಿಘಂಟಿಗೆ ಆಗುವುದಿಲ್ಲ.

ತಪ್ಪು ಕಾಗದದ್ದಲ್ಲ, ಪ್ರೆಸ್ಸಿನವರದ್ದೂ ಅಲ್ಲ. ಅವರ ಹತ್ತಿರ ಜಗಳ ಆಡಬೇಡ. ತಪ್ಪು ನನ್ನ ಕಚ್ಚುಗಳದ್ದು. ಎರಡು ಗೆರೆ ಸೇರುವ ಸಂದಿನಲ್ಲಿ ಯಾವಾಗಲೂ ಶಾಯಿ ಮಡುಗಟ್ಟುತ್ತದೆ. ತೆಳು ಕಾಗದವಾದರೆ ಅದು ಹರಡಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅದಕ್ಕೆ ಆ ಸಂದುಗಳಲ್ಲಿ ಮೊದಲೇ ಚೂರು ಕಚ್ಚು ಹಾಕಿ ಖಾಲಿ ಬಿಟ್ಟಿರುತ್ತೇನೆ. ದೊಡ್ಡದು ಮಾಡಿ ನೋಡಿದರೆ ಇಲಿ ಕಚ್ಚಿದ ಹಾಗೆ ಕಾಣುತ್ತದೆ. ಸಣ್ಣಗೆ ಅಚ್ಚಾದಾಗ ಹೆಚ್ಚಾದ ಶಾಯಿ ಅಲ್ಲಿಗೆ ಹೋಗಿ ಕೂರುತ್ತದೆ, ಅಕ್ಷರ ತಿದ್ದಿದ ಹಾಗೆ ನಿಲ್ಲುತ್ತದೆ. ಸಾಸಿವೆಯ ಜೀವ ಇರುವುದೇ ಆ ಕಚ್ಚುಗಳಲ್ಲಿ. ಎಷ್ಟು ಆಳ, ಎಷ್ಟು ಅಗಲ ಎಂದು ಲೆಕ್ಕ ಹಾಕುವುದರಲ್ಲೇ ನನ್ನ ಅರ್ಧ ಆಯುಸ್ಸು ಹೋಯಿತು. ಕೊನೆಗೂ ಆಳ ಸಾಲಲಿಲ್ಲ ಅಂತ ಕಾಣುತ್ತದೆ. ಕೈಗೆ ಹಿಡಿತ ತಪ್ಪಿದ್ದು ಕಣ್ಣಿಗೆ ತಿಳಿಯಲಿಲ್ಲ. ಡಾಕ್ಟರು ಹೇಳಿದ್ದು ಅದನ್ನೇ, ನಾನು ಒಪ್ಪಿರಲಿಲ್ಲ. ಈಗ ಒಪ್ಪಿದೆ.

ಬರೆಯುವ ಮೇಜನ್ನು ದರ್ಜಿಗೆ ಕೊಟ್ಟೆ. ಬಟ್ಟೆ ಕತ್ತರಿಸಲು ಅವನಿಗೆ ಅಗಲವಾದ ಮೇಜು ಬೇಕಿತ್ತು. ಅದು ಹೋದ ಮೇಲೆ ಕೋಣೆಯಲ್ಲಿ ಓಡಾಡಲು ಜಾಗ ಆಗಿದೆ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕೆಲಸವನ್ನು ನೀನು ಚೆನ್ನಾಗಿಯೇ ಮಾಡಿದೆ. ಕವರ್ ಬಗ್ಗೆ ಅವರೂ ಹೊಗಳಿದ್ದಾರೆ.

ಅತ್ತೆ


ಆಗಸ್ಟ್ 9

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಬಂತು. ಮೇಜು ಕೊಡಬಾರದಿತ್ತು. ಒಂದು ಬ್ರೋಷರ್ ಕೆಟ್ಟು ಹೋದ ಮಾತ್ರಕ್ಕೆ ಎಲ್ಲ ಮುಗಿಯಿತೇ? ತೆಳು ಕಾಗದ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಗೊತ್ತಲ್ಲ. ಶಾಯಿಯೂ ಅಷ್ಟೆ. ಬೇರೆ ನಿಘಂಟು, ಬೇರೆ ಸಂಪಾದಕರು ಸಿಗುತ್ತಾರೆ. ನಿಮ್ಮ ಕೈಯನ್ನು ಮಾತ್ರ ಬೈದುಕೊಳ್ಳಬೇಡಿ.

ಒಂದು ವಿಷಯ ಮಾತ್ರ ನನಗೆ ನಿಜವಾಗಿ ಖುಷಿ ಕೊಟ್ಟಿತು. ಎಷ್ಟು ಚೆನ್ನಾಗಿತ್ತು ನಿಮ್ಮ ಕಾಗದದ ಅಕ್ಷರ! ಒಂದು ಗೆರೆಯೂ ನಡುಗಿಲ್ಲ, ಮೊದಲಿನ ಹಾಗೇ ಮುತ್ತು ಪೋಣಿಸಿದಂತೆ. ಲಕೋಟೆಯನ್ನೂ ಎತ್ತಿಟ್ಟುಕೊಂಡಿದ್ದೇನೆ. ಕೈ ಸುಧಾರಿಸಿದೆ ತಾನೇ? ಔಷಧ ಬದಲಾಯಿಸಿದರೇ?

ಪುಟ್ಟಿ


ಆಗಸ್ಟ್ 17

ಪುಟ್ಟಿ,

ಔಷಧವೂ ಇಲ್ಲ, ಮಣ್ಣೂ ಇಲ್ಲ. ಬಲಗೈಗೆ ಬೆಳಗ್ಗೆ ಎದ್ದಾಗ ಸ್ವಲ್ಪ ಹೊತ್ತು ಮಾತ್ರ ಹಿಡಿತ ಇರುತ್ತದೆ. ಬಳಸಿದಷ್ಟೂ ಬೇಗ ಸೋಲುತ್ತದೆ. ಆ ಹೊತ್ತನ್ನು ಸಾಸಿವೆಗೆ ಅಂತ ಉಳಿಸುತ್ತಿದ್ದೆ. ತರಕಾರಿ ಹೆಚ್ಚುವುದು, ಬಾಗಿಲ ಚಿಲಕ ಹಾಕುವುದು, ನಿನಗೆ ಕಾಗದ ಬರೆಯುವುದು ಎಲ್ಲ ಎಡಗೈಗೆ ಬಿಟ್ಟಿದ್ದೆ. ಅಕ್ಷರ ನಡುಗಿವೆ ಅಂದೆಯಲ್ಲ, ಅವು ಆ ಎಡಗೈಯವು. ಪಾಪ, ಅದಕ್ಕೆ ಅಭ್ಯಾಸವಿಲ್ಲ. ನಿನಗೆ ಹೇಳಿದ್ದರೆ ನೀನು ಡಾಕ್ಟರ ಪಕ್ಷ ಸೇರಿಕೊಂಡು ನಾನು ಬರೆಯುವುದನ್ನೇ ನಿಲ್ಲಿಸುತ್ತಿದ್ದೆ. ಅದಕ್ಕೆ ಹೇಳಲಿಲ್ಲ.

ಈಗ ಬಲಗೈಯನ್ನು ಯಾವುದಕ್ಕಾಗಿ ಉಳಿಸಲಿ? ಅದಕ್ಕೇ ಕಾಗದ ಅದರಲ್ಲೇ ಬರೆಯುತ್ತಿದ್ದೇನೆ. ನಿನಗೆ ಅಂದವಾಗಿ ಕಂಡರೆ ಸಂತೋಷ.

ಅತ್ತೆ


ಆಗಸ್ಟ್ 22

ಅತ್ತೆ,

ಈ ಕಾಗದವನ್ನು ನಿಂತುಕೊಂಡು ಓದಬೇಡಿ. ಕೂತುಕೊಳ್ಳಿ.

ಕಚ್ಚುಗಳನ್ನು ಮುಚ್ಚಿದ್ದು ನಾನು. ನಿಮ್ಮ ಕೈ ತಪ್ಪಲಿಲ್ಲ, ಆಳವೂ ಕಮ್ಮಿಯಾಗಿರಲಿಲ್ಲ. ಹಾಳೆಗಳನ್ನು ಏರಿಸುವಾಗ ಹಾಗೇ ಸ್ಕ್ಯಾನ್ ಮಾಡಿದ್ದೆನಷ್ಟೆ, ಪ್ರೆಸ್ಸಿಗೆ ಕಳಿಸುವ ದಿನ ಮಧ್ಯಾಹ್ನ ಕವರಿನ ಳವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಹತ್ತಿರದಿಂದ ನೋಡಿದೆ. ಸಂದು ಸಂದಿನಲ್ಲೂ ಕಚ್ಚು. ನಿಮ್ಮ ಕಾಗದದ ಅಕ್ಷರ ನಡುಗಿದ್ದು ತಲೆಯಲ್ಲಿತ್ತು. ಎರಡನ್ನೂ ಕೂಡಿಸಿಬಿಟ್ಟೆ. ಅತ್ತೆಯ ಕೈ ಸೋತಿದೆ, ಪಾಪ ಅವರಿಗೇ ಗೊತ್ತಾಗಿಲ್ಲ ಅಂದುಕೊಂಡೆ. ಮೂಲೆ ಸಂದುಗಳೆಲ್ಲ ನಾನು ಬರೆದ ಹಾಗೇ ಬಂದಿವೆ ಅಂತ ನೀವು ಬರೆದಿದ್ದಿರಲ್ಲ, ಅದನ್ನು ಓದಿ ಕಣ್ಣೂ ಹೋಯಿತು ಅಂದುಕೊಂಡೆ. ಮೊದಲು ಕವರಿನ ಒಂದು ಅಕ್ಷರ ತೀಡಿದೆ. ಅದು ನುಣ್ಣಗಾಗಿದ್ದೇ ತಡ, ಉಳಿದವು ಒರಟಾಗಿ ಕಂಡವು. ಎಲ್ಲವನ್ನೂ ತೀಡಿದೆ. ಸಾಯಂಕಾಲದೊಳಗೆ ನಿಮ್ಮ ಇಷ್ಟು ವರ್ಷದ ಕೆಲಸ ಒರೆಸಿ ಎದ್ದೆ.

ಪ್ರೀತಿಯಿಂದ ಮಾಡಿದೆ ಅಂತ ಬರೆದು ಪಾರಾಗಬಹುದಿತ್ತು. ಅದು ಪೂರ್ತಿ ನಿಜವಲ್ಲ. ಬ್ರೋಷರಿನ ಹಿಂದೆ ನನ್ನ ಹೆಸರೂ ಇತ್ತು. ಒರಟಾದ ಅಕ್ಷರ ನೋಡಿದವರು ಇವಳಿಗೆ ಕೆಲಸ ಬರುವುದಿಲ್ಲ ಅಂತಾರೆ ಅನ್ನುವ ಭಯ ಇತ್ತು. ಬಾಸ್ ನುಣುಪು ಅಂದಾಗ ಉಬ್ಬಿಹೋದೆ. ಅವರು ಹೊಗಳಿದ್ದು ನಿಮ್ಮನ್ನಲ್ಲ ಅತ್ತೆ, ನನ್ನನ್ನು. ನಮ್ಮತ್ತೆಯದು ಅಂತ ಹೇಳಿ ಒಳಗೊಳಗೇ ಆ ಹೊಗಳಿಕೆ ನಾನೇ ಇಟ್ಟುಕೊಂಡೆ.

ಇನ್ನೂ ಕೆಟ್ಟದ್ದು ಕೇಳಿ. ಆ ನಲ್ಲಿ, ನೀರು, ಧೂಳು ಅಂತ ಬರೆದೆನಲ್ಲ, ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಅಚ್ಚಾದ ಪುಟ ನೋಡಿ ಪ್ರೆಸ್ಸಿನ ಯಜಮಾನರ ಹತ್ತಿರ ಜಗಳಕ್ಕೇ ಹೋಗಿದ್ದೆ. ಅವರು, "ಸಣ್ಣ ಅಕ್ಷರ ಅಂದ್ರೆ ಸಂದಿನಲ್ಲಿ ಕಚ್ಚು ಇರ್ಬೇಕಲ್ಲಮ್ಮಾ, ಇದರಲ್ಲಿ ಯಾಕಿಲ್ಲ?" ಅಂದರು. ಪ್ರೆಸ್ಸು ನಡೆಸಿದವರ ಮಗಳು ನಾನು, ನನಗೇ ಇದು ಗೊತ್ತಿರಲಿಲ್ಲ. ಪುಟಗಳನ್ನು ಎತ್ತಿಕೊಂಡು ಬಂದೆ. ನೀವು ನಿಮ್ಮ ಕೈಯನ್ನು ಬೈದುಕೊಂಡು ಬರೆದಾಗಲೂ ಕಾಗದ, ಶಾಯಿ ಅಂತ ಸುಳ್ಳು ಪೋಣಿಸಿ ಕಳಿಸಿದೆ. ಕೊನೆಗೆ ನಿಮ್ಮ ಅಕ್ಷರ ಅಂದವಾಗಿದೆ ಅಂತ ಖುಷಿ ಬೇರೆ ಪಟ್ಟೆ. ನೀವು ಬರೆಯುವುದನ್ನು ಬಿಟ್ಟದ್ದಕ್ಕೆ ನಾನು ಖುಷಿಪಟ್ಟ ಹಾಗಾಯಿತು. ಆ ಲಕೋಟೆ ನನ್ನ ಮೇಜಿನ ಮೇಲೇ ಇದೆ. ಅದನ್ನು ನೋಡಲು ಆಗುತ್ತಿಲ್ಲ, ಎಸೆಯಲೂ ಆಗುತ್ತಿಲ್ಲ.

ಹಾಳಾದ ಬ್ರೋಷರನ್ನು ಇದರ ಜೊತೆ ಇಟ್ಟಿದ್ದೇನೆ. ಅದರ ಪಕ್ಕದಲ್ಲೇ ಬಿಡಿ ಹಾಳೆಯೊಂದಿದೆ. ಅದೇ ಪುಟ, ಅದೇ ಕಾಗದ, ಅದೇ ಪ್ರೆಸ್ಸು, ಆದರೆ ನೀವು ಬರೆದ ಹಾಗೇ, ಕಚ್ಚುಗಳ ಸಮೇತ. ನಾನು ಒಂದು ಚುಕ್ಕಿಯನ್ನೂ ಮುಟ್ಟಿಲ್ಲ. ಎರಡನ್ನೂ ಕಿಟಕಿ ಬೆಳಕಿನಲ್ಲಿ ಹಿಡಿದು ನೋಡಿ. ಸಂಪಾದಕರಿಗೂ ನಡೆದದ್ದನ್ನೆಲ್ಲ ಬರೆದು ಆ ಹಾಳೆ ಕಳಿಸಿದ್ದೇನೆ.

ಕ್ಷಮಿಸಿ ಅಂತ ಕೇಳಲು ಮುಖವಿಲ್ಲ. ಮೇಜನ್ನು ಮಾತ್ರ ವಾಪಸ್ ತರಿಸಿಕೊಳ್ಳಿ.

ಪುಟ್ಟಿ


ಸೆಪ್ಟೆಂಬರ್ 19

ಅತ್ತೆ,

ಕಾಗದ ತಲುಪಿತೇ? ಅಂಚೆಯವನಿಗಾಗಿ ಈಗ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೇನೆ. ಅವನೂ ದೂರದಿಂದಲೇ ಕೈ ಆಡಿಸುತ್ತಾನೆ.

ಸಂಪಾದಕರು ಉತ್ತರ ಬರೆದಿದ್ದಾರೆ. ಬಿಡಿ ಹಾಳೆಯನ್ನು ಕನ್ನಡಕ ತೆಗೆದೂ ಓದಿದರಂತೆ. ಆದರೆ ಬೇರೆ ಅಕ್ಷರದಲ್ಲಿ ಜೋಡಿಸುವ ಕೆಲಸ ಆಗಲೇ ಅರ್ಧ ಮುಗಿದಿದೆ, ಈಗ ಬದಲಾಯಿಸಲು ಬರುವುದಿಲ್ಲ ಎಂದಿದ್ದಾರೆ. ಈ ನಿಘಂಟು ಹೋಯಿತು ಅತ್ತೆ. ನಾನೇ ಕಳೆದೆ. ಇದನ್ನು ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳಿ ಅಂತ ಬರೆದೆ.

ಬೈದಾದರೂ ಒಂದು ಸಾಲು ಬರೆಯಿರಿ.

ಪುಟ್ಟಿ


ಅಕ್ಟೋಬರ್ 6

ಪುಟ್ಟಿ,

ಕಾಗದ ಆಗಲೇ ತಲುಪಿತ್ತು. ಓದಿ ಮಡಿಚಿಟ್ಟೆ. ಎರಡು ಪುಟಗಳನ್ನೂ ಕಿಟಕಿಗೆ ಹಿಡಿದು ನೋಡಿದೆ. ನಿನ್ನದನ್ನು ನೋಡಿ ಹೊಟ್ಟೆ ಉರಿಯಿತು. ನನ್ನದನ್ನು ನೋಡಿ ಅಳು ಬಂತು. ಎಷ್ಟು ಚೆನ್ನಾಗಿದೆಯೇ ಅದು! ಇಷ್ಟು ವರ್ಷದಲ್ಲಿ ತೆಳು ಕಾಗದದ ಮೇಲೆ ಅದನ್ನು ನೋಡಿದ್ದು ಇದೇ ಮೊದಲು. ಅಣ್ಣನಿಗೆ ತೋರಿಸಬೇಕು ಅನ್ನಿಸಿತು.

ಕ್ಷಮಿಸಿದ್ದೇನೆ ಅಂತ ಬರೆಯಲು ಎಷ್ಟೋ ಸಲ ಕೂತೆ. ಬರಲಿಲ್ಲ. ಕೋಪ ಇನ್ನೂ ಇದೆ, ಇರಲಿ ಬಿಡು. ಕಚ್ಚು ಮುಚ್ಚಿದ್ದಕ್ಕಿಂತ ನನ್ನ ಕೈಯನ್ನು ನಾನೇ ಬೈದುಕೊಳ್ಳುತ್ತಿದ್ದಾಗ ನೀನು ಸುಮ್ಮನಿದ್ದೆಯಲ್ಲ, ಅದು ಜಾಸ್ತಿ ನೋಯಿಸಿತು. ನಾನೇನು ಸಾಚಾ ಅಲ್ಲ. ಕೈ ವಿಷಯ ಕೇಳಿದಾಗ ಇರುವ ಕಡೆಯೇ ಇದೆ ಅಂತ ಹಾರಿಕೆಯ ಉತ್ತರ ಕೊಟ್ಟೆ. ಅವತ್ತೇ ಬಾಯಿ ಬಿಟ್ಟಿದ್ದರೆ ನೀನು ತಪ್ಪು ಲೆಕ್ಕ ಹಾಕುತ್ತಿರಲಿಲ್ಲ.

ಮೇಜು ಕೇಳಲು ಹೋದೆ. ದರ್ಜಿ ಮುಖ ಸಪ್ಪಗೆ ಮಾಡಿಕೊಂಡು, "ಕೊಟ್ಟದ್ದನ್ನ ವಾಪಸ್ ಕೇಳೋದಾ ಅಮ್ಮಾ" ಅಂದ. ಆಮೇಲೆ ತಾನೇ ಹೊತ್ತು ಮೇಲೆ ತಂದಿಟ್ಟ. ಅಂಚಿನ ಮೇಲೆಲ್ಲ ಕತ್ತರಿಯ ಗುರುತು, ಸೀಮೆಸುಣ್ಣದ ಗೆರೆ. ಒರೆಸಲು ಹೋಗಲಿಲ್ಲ.

ದಪ್ಪ ಸಾಸಿವೆಯ ಷ ಇದರ ಜೊತೆ ಇದೆ. ಯಾರು ಕೇಳುತ್ತಾರೋ, ಯಾವ ನಿಘಂಟಿಗೋ ಗೊತ್ತಿಲ್ಲ. ಹಾಗೇ ಏರಿಸು. ಎಲ್ಲಾದರೂ ತಪ್ಪು ಕಂಡರೆ ಮುಟ್ಟಬೇಡ, ಕೇಳು.

ಬೆಳಗಿನ ಹಿಡಿತವೆಲ್ಲ ಆ ಷ ಬರೆಯುವುದರಲ್ಲಿ ಮುಗಿಯಿತು. ಈ ಕಾಗದ ಎಡಗೈಯದು. ಓದಲು ಬರದಿದ್ದರೆ ಎರಡು ಕನ್ನಡಕ ಹಾಕಿಕೋ.

ಅತ್ತೆ